ಜಾನ್ ಗ್ಲೋವರ್‌ನ ಮನೆ ಮತ್ತು ಕೈತೋಟ: ಒಂದು ಚಿತ್ರವನ್ನು ಓದುವ ಬಗೆ

ಆಸ್ಟ್ರೇಲಿಯಾದ ವಸಾಹತು ಕಾಲದ ಚಿತ್ರಕಲೆಯನ್ನು ಅಭ್ಯಾಸ ಮಾಡುವವರಿಗೆ ಬಹಳ ಬೇಗ ಎದುರಾಗುವ ಕೃತಿಗಳಲ್ಲಿ, ಜಾನ್ ಗ್ಲೋವರ್ 1835ರಲ್ಲಿ ರಚಿಸಿದ, ತನ್ನದೇ ಮನೆ ಹಾಗೂ ಕೈತೋಟದ ತೈಲವರ್ಣ ಚಿತ್ರವೂ ಒಂದು. ಸುಮಾರು 76 ಸೆಂ.ಮೀ. ಎತ್ತರ, 114 ಸೆಂ.ಮೀ. ಅಗಲದ ಈ ಕೃತಿ ಈಗ ಅಡಿಲೇಡ್ ನಗರದ ದಕ್ಷಿಣ ಆಸ್ಟ್ರೇಲಿಯಾ ಕಲಾ ಗ್ಯಾಲರಿಯಲ್ಲಿದೆ. ಮೇಲ್ನೋಟಕ್ಕೆ ಇದು ಹೂಗಿಡಗಳ ನಡುವೆ ನಿಂತ ಒಂದು ನೆಮ್ಮದಿಯ ಮನೆಯ ಚಿತ್ರ, ಅಷ್ಟೆ. ಆದರೆ ಮನೆ ನಿಂತಿರುವ ನೆಲ ಯಾರದು, ಅದು ಹೀಗೆ ಬಯಲಾಗಿ, ತೆರವಾಗಿ ಕಾಣುವುದು ಏಕೆ ಎಂಬುದನ್ನು ಕೇಳಿಕೊಂಡರೆ, ಚಿತ್ರದಲ್ಲಿ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು ಮುಖ್ಯವೆನಿಸುತ್ತದೆ.

ಗ್ಲೋವರ್ 1767ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಹುಟ್ಟಿದವನು. ಜಲವರ್ಣದ ಭೂದೃಶ್ಯಗಳಿಂದ ಲಂಡನ್ನಿನಲ್ಲಿ ಹೆಸರು ಮಾಡಿ, ಅರವತ್ತು ದಾಟಿದ ಮೇಲೆ, 1831ರಲ್ಲಿ, ಆಗ ವ್ಯಾನ್ ಡೀಮನ್ಸ್ ಲ್ಯಾಂಡ್ ಎಂದು ಕರೆಯಲಾಗುತ್ತಿದ್ದ ಇಂದಿನ ಟಾಸ್ಮೇನಿಯಾಕ್ಕೆ ಬಂದನು. ದ್ವೀಪದ ಉತ್ತರ ಭಾಗದಲ್ಲಿ, ಬೆನ್ ಲೊಮಂಡ್ ಪರ್ವತಕ್ಕೆ ಸಮೀಪದ ಮಿಲ್ಸ್ ಪ್ಲೇನ್ಸ್ ಎಂಬಲ್ಲಿ ನೆಲೆಸಿ, ಆ ಜಮೀನಿಗೆ ಪ್ಯಾಟರ್‌ಡೇಲ್ ಎಂದು ಹೆಸರಿಟ್ಟನು. ಇದು ಇಂಗ್ಲೆಂಡಿನ ಸರೋವರ ಸೀಮೆಯ ಒಂದು ಹಳ್ಳಿಯ ಹೆಸರು. ಚಿತ್ರವನ್ನು ಬಿಡಿಸುವುದಕ್ಕೂ ಮೊದಲೇ ಆ ನೆಲಕ್ಕೆ ಇಂಗ್ಲಿಷ್ ಹೆಸರೊಂದು ಅಂಟಿಕೊಂಡಿತ್ತೆಂಬುದನ್ನು ಮರೆಯಬಾರದು.

ಚಿತ್ರವನ್ನು ಮುನ್ನೆಲೆಯಿಂದ ಹಿನ್ನೆಲೆಗೆ ಸಾಗುತ್ತ ನೋಡುವುದು ಒಳ್ಳೆಯದು. ಎದುರಿಗೆ ಕೈತೋಟದ ಹಾದಿ, ಹೂವಿನ ಪಾತಿಗಳು. ಅದರಾಚೆ ಮನೆ, ಜೊತೆಗೆ ಚಿತ್ರಗಳನ್ನಿಡಲು ಕಟ್ಟಿಸಿದ ಪ್ರತ್ಯೇಕ ಕಟ್ಟಡ. ಅದಕ್ಕೂ ಹಿಂದೆ ನೀಲಗಿರಿ ಜಾತಿಯ ಮರಗಳು ಚದುರಿ ನಿಂತ ಗುಡ್ಡ. ತೋಟದ ಜೆರೇನಿಯಂ, ಗುಲಾಬಿ ಮೊದಲಾದ ಹೂಗಳನ್ನು ನೋಡಿದರೆ ಈ ದೇಶದಲ್ಲಿ ತೋಟಗಳನ್ನು ಎಷ್ಟು ಚೆನ್ನಾಗಿ ಬೆಳೆಸಬಹುದೆಂಬುದು ತಿಳಿದೀತು ಎಂಬರ್ಥದ ಮಾತನ್ನು ಗ್ಲೋವರನೇ ಹೇಳಿದ್ದಾನೆ. 1835ರಲ್ಲಿ ಲಂಡನ್ನಿನಲ್ಲಿ ನಡೆದ ಅವನ 68 ಕೃತಿಗಳ ಪ್ರದರ್ಶನದ ಪಟ್ಟಿಯಲ್ಲಿ ಬರುವ ಮಾತು ಅದು. ಹೀಗಾಗಿ ಈ ತೋಟ ಕಣ್ಣಿಗೆ ಹಬ್ಬವಾಗುವುದಕ್ಕಷ್ಟೇ ಅಲ್ಲ, ದೂರದ ಊರಿನವರ ಮುಂದೆ ಮಂಡಿಸಿದ ಪುರಾವೆಯಾಗಿಯೂ ಅಲ್ಲಿದೆ. ಇಂಗ್ಲಿಷ್ ಮನೆಯಂಗಳದ ಗುರುತೆಂಬಂತೆ ಬಂದಿರುವ ಕುಂಡದ ಜೆರೇನಿಯಂಗಳ ಮೂಲ ದಕ್ಷಿಣ ಆಫ್ರಿಕಾ. ಅದೂ ಒಂದು ವಲಸೆಯೇ.

ಮರಗಳ ಬಗ್ಗೆ ಸ್ವಲ್ಪ ನಿಂತು ನೋಡಬೇಕು. ನೀಲಗಿರಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸಾಲುಸಾಲಾಗಿ ಒತ್ತಾಗಿ ನೆಟ್ಟ ನೆಡುತೋಪು. ಗ್ಲೋವರನ ಮರಗಳು ಹಾಗಿಲ್ಲ. ಇಂಗ್ಲೆಂಡಿನಲ್ಲಿದ್ದಾಗ ಅವನು ಕುಂಚದ ಕೂದಲನ್ನು ಹಲವು ಮೊನೆಗಳಾಗಿ ಸೀಳಿ, ಒಂದೇ ಎಳೆತದಲ್ಲಿ ದಟ್ಟವಾದ ಎಲೆಗೊಂಚಲನ್ನು ಮೂಡಿಸುವುದಕ್ಕೆ ಹೆಸರಾಗಿದ್ದನು. ಇಲ್ಲಿನ ಮರಗಳಿಗೆ ಆ ಕೈಚಳಕ ಸಾಲದು, ಏಕೆಂದರೆ ಇವುಗಳ ಎಲೆ ವಿರಳ, ಕೊಂಬೆ ಡೊಂಕು. ಎಷ್ಟೇ ಮರಗಳಿದ್ದರೂ ಅವುಗಳ ನಡುವಿನಿಂದ ದೂರದ ಸೀಮೆಯೆಲ್ಲ ಕಾಣಿಸುತ್ತದೆ ಎಂದು ಅವನು ಬೆರಗಿನಿಂದ ಗುರುತಿಸಿದ್ದುಂಟು. ಯುರೋಪಿನ ಕಣ್ಣಿನಿಂದ ಬಂದವನೊಬ್ಬ ತಾನು ಕಲಿತದ್ದನ್ನು ಬದಿಗಿಟ್ಟು ಎದುರಿಗಿದ್ದುದನ್ನು ನೋಡಿದ್ದು ಗ್ಲೋವರನ ನಿಜವಾದ ಸಾಧನೆ ಎಂಬುದು ನನ್ನ ಅಭಿಪ್ರಾಯ; ಮನೆಯ ಚಿತ್ರಣ ಅದರ ಮುಂದೆ ಸಪ್ಪೆಯೇ.

ಆದರೆ ಮರಗಳ ನಡುವಿನ ಆ ತೆರಪು ತಾನಾಗಿ ಆದದ್ದಲ್ಲ. ಟಾಸ್ಮೇನಿಯಾದ ಮೂಲನಿವಾಸಿಗಳು ತಲೆಮಾರುಗಳಿಂದ ಕಾಲಕಾಲಕ್ಕೆ ಹುಲ್ಲಿಗೆ ಬೆಂಕಿಯಿಟ್ಟು, ಪೊದೆ ಬೆಳೆಯದಂತೆ ನೋಡಿಕೊಂಡು, ಕಾಂಗರೂಗಳು ಮೇಯಲು ಬರುವ ಹುಲ್ಲುಗಾವಲನ್ನು ಕಾಪಾಡಿಕೊಂಡು ಬಂದಿದ್ದರು. ವಲಸೆಗಾರರ ಕುರಿಗಳಿಗೆ ಸಿದ್ಧವಾಗಿ ಸಿಕ್ಕಿದ್ದು ಇಂಥದೇ ನೆಲ. ಗ್ಲೋವರ್ ಬರುವ ಹಿಂದಿನ ವರ್ಷ, 1830ರಲ್ಲಿ, ಗವರ್ನರ್ ಜಾರ್ಜ್ ಆರ್ಥರ್ ಸುಮಾರು 2,200 ಜನರನ್ನು ಸಾಲುಗಟ್ಟಿಸಿ, ವಲಸೆಗಾರರು ನೆಲೆಸಿದ್ದ ಸೀಮೆಯಿಂದ ಮೂಲನಿವಾಸಿಗಳನ್ನು ಅಟ್ಟಿ ಹಿಡಿಯಲು ಹೊರಟಿದ್ದನು. ಮುಂದೆ ಸರ್ಕಾರದ ಪರವಾಗಿ ಸಂಧಾನಕ್ಕಿಳಿದಿದ್ದ ಜಾರ್ಜ್ ಅಗಸ್ಟಸ್ ರಾಬಿನ್ಸನ್ ಬದುಕುಳಿದವರ ಮನವೊಲಿಸಿ ಕರೆತಂದನು. ಅವರನ್ನು ಟಾಸ್ಮೇನಿಯಾದ ಈಶಾನ್ಯದ ಕಡಲಲ್ಲಿರುವ ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಲಾಯಿತು. ಕೈತೋಟದ ಚಿತ್ರ ಮುಗಿಯುವ ಹೊತ್ತಿಗೆ ಆ ಗುಡ್ಡಗಳಿಗೆ ಬೆಂಕಿಯಿಡುತ್ತಿದ್ದವರು ಅಲ್ಲಿ ಉಳಿದಿರಲಿಲ್ಲ.

ಈ ಕಾರಣಕ್ಕೆ, ಇದನ್ನು ಒಂಟಿಯಾಗಿ ನೋಡದೆ, ಅದೇ ಗ್ಯಾಲರಿಯಲ್ಲಿರುವ 1832ರ ಇನ್ನೊಂದು ಚಿತ್ರದ ಜೊತೆಗಿಟ್ಟು ನೋಡಬೇಕು. ಅದರಲ್ಲಿ ಇದೇ ಮಿಲ್ಸ್ ಪ್ಲೇನ್ಸ್‌ನ ಬಾಗಿದ ಮರಗಳ ಕೆಳಗೆ ಮೂಲನಿವಾಸಿಗಳು ಕುಣಿಯುತ್ತಿದ್ದಾರೆ. ಆ ವರ್ಷದ ಜನವರಿಯಲ್ಲಿ ರಾಬಿನ್ಸನ್ ವಸಾಹತಿನ ರಾಜಧಾನಿ ಹೋಬಾರ್ಟ್‌ಗೆ ಕರೆತಂದ ಗುಂಪನ್ನು ಗ್ಲೋವರ್ ಅಲ್ಲಿ ಕಂಡು ರೇಖಾಚಿತ್ರ ಬರೆದುಕೊಂಡಿದ್ದನು. ಒಂದೇ ಕೈ, ಒಂದೇ ಸ್ಥಳ, ನಡುವೆ ಮೂರು ವರ್ಷ: ಒಂದರಲ್ಲಿ ಜನರಿದ್ದಾರೆ, ಮನೆಯಿಲ್ಲ, ಇನ್ನೊಂದರಲ್ಲಿ ಮನೆಯಿದೆ, ಆ ಜನರಿಲ್ಲ.