ಪೈನ್ ಎಲೆಯಲ್ಲಿ ಚಿಗುರು: ಪ್ರೋಟೀನ್ ಏನು ಹೇಳುತ್ತದೆ?

ಹಾಸನದ ಕಡೆ ಟಿಶ್ಯೂ ಕಲ್ಚರ್ ಅಂದರೆ ಬಾಳೆ. ಜಿ-9 ತಳಿಯ ಬಾಳೆ ಸಸಿ ನೆಟ್ಟವರಿಗೆ ಇದೇನು ಹೊಸದಲ್ಲ. ಬಾಳೆಯಲ್ಲಿ ಲ್ಯಾಬಿನವರಿಗೆ ಒಂದು ಅನುಕೂಲವೂ ಇದೆ. ಕಂದಿನೊಳಗೆ ಬೆಳೆಯುವ ತುದಿ ಮೊದಲೇ ಇರುತ್ತದೆ, ಅದನ್ನೇ ಹೆಚ್ಚಿಸಿಕೊಂಡು ಹೋದರಾಯಿತು. ಪೈನ್ ಮರದ ಬೀಜದೆಲೆಯಲ್ಲಿ, ಅಂದರೆ ಮೊಳಕೆಯ ಮೊದಲ ಎಲೆಯಲ್ಲಿ, ಅಂಥ ತುದಿ ಇಲ್ಲ. ಎಲೆಯಾಗಲು ಹೊರಟ ಕೋಶವೇ ಆ ದಾರಿ ಬಿಟ್ಟು ಚಿಗುರಿನ ದಾರಿ ಹಿಡಿಯಬೇಕು. ಹಾಗೆ ದಾರಿ ಬದಲಿಸುವಾಗ ಕೋಶದಲ್ಲಿ ಯಾವ ಹೊಸ ಪ್ರೋಟೀನ್ ತಯಾರಾಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಪೈನ್ ಅಂದಾಗ ನಮ್ಮ ಸರ್ವೆ ಮರ ನೆನಪಾಗುವುದು ಸಹಜ. ಆದರೆ ಸರ್ವೆ ಹೂ ಬಿಡುವ ಜಾತಿ. ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳ ಮುಂದೆ ಕಾಣುವ ಕ್ರಿಸ್‌ಮಸ್ ಟ್ರೀ, ಅಂದರೆ ಅರೌಕೇರಿಯಾ, ಪೈನಿನ ನಿಜವಾದ ನೆಂಟ.

ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಟ್ರೆವರ್ ಥಾರ್ಪ್ ಅವರ ತಂಡ ಈ ಬದಲಾವಣೆ ನೋಡಲು ಆರಿಸಿಕೊಂಡದ್ದು ರೇಡಿಯೇಟಾ ಪೈನ್. ಕ್ಯಾಲಿಫೋರ್ನಿಯಾ ಕರಾವಳಿಯ ಈ ಮರವನ್ನು ಈಗ ನ್ಯೂಜಿಲೆಂಡ್, ಚಿಲಿಗಳಲ್ಲಿ ತೋಪುಗಟ್ಟಲೆ ಬೆಳೆಸುತ್ತಾರೆ. ಅವರೆಗೆ ಬೀಜದೆಲೆ ಎರಡೇ. ಪೈನಿಗೆ ಸೂಜಿಯಂಥವು ಒಂದು ಗೊಂಚಲೇ ಇರುತ್ತವೆ. ಮೊಳಕೆ ಇನ್ನೂ ಎಳೆಯದಿರುವಾಗಲೇ ಅವನ್ನು ಕತ್ತರಿಸಿ, ಕೋಶ ಒಡೆದು ಹೆಚ್ಚುವಂತೆ ಮಾಡುವ ಸೈಟೊಕೈನಿನ್ ಹಾರ್ಮೋನ್ ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಮಲಗಿಸುತ್ತಾರೆ. ಅಗರ್‌ಗೆ ತಾಗಿದ ಬದಿಯ ಕೋಶಗಳು ಒಂದು ಎರಡಾಗುತ್ತಾ ಗಂಟುಗಂಟಾಗಿ, ಅಲ್ಲಿ ಚಿಗುರು ಮೂಡುತ್ತದೆ.

ಪಕ್ಕದಲ್ಲಿ ಹಾರ್ಮೋನ್ ಇಲ್ಲದ ಇನ್ನೊಂದು ಬಾಟಲಿ. ಅಲ್ಲಿ ಅದೇ ಎಲೆ ಸುಮ್ನೆ ಉದ್ದವಾಗಿ ಹಸಿರಾಗುತ್ತದೆ. ನನ್ನ ಪ್ರಕಾರ ಇಡೀ ಪ್ರಯೋಗದ ಜೀವ ಇರುವುದು ಈ ಬಡಪಾಯಿ ಬಾಟಲಿಯಲ್ಲೇ. ಯಾಕೆಂದರೆ ಪ್ರೋಟೀನ್ ಎರಡೂ ಕಡೆ ಬದಲಾಗುತ್ತದೆ. ಕತ್ತರಿಸಿದ ಗಾಯ ಎರಡಕ್ಕೂ ಇದೆ. ಬೀಜದಲ್ಲಿ ಕೂಡಿಟ್ಟಿದ್ದ ಪ್ರೋಟೀನ್ ಎರಡರಲ್ಲೂ ಕರಗುತ್ತದೆ. ಬರೀ ಚಿಗುರೊಡೆಯುವ ಎಲೆ ನೋಡಿ 'ಇಗೋ ಬದಲಾವಣೆ' ಅಂದರೆ ಏನು ತಿಳಿದಂತಾಯಿತು?

ಬದಲಾವಣೆ ನೋಡುವ ಬಗೆ ಹೀಗೆ. ಎಲೆಗೆ ವಿಕಿರಣ ಸೂಸುವ ಗಂಧಕವಿರುವ ಮೆಥಿಯೊನಿನ್ (ಪ್ರೋಟೀನ್ ಕಟ್ಟಲು ಬೇಕಾದ ಒಂದು ಅಮೈನೋ ಆಮ್ಲ) ಕುಡಿಸುತ್ತಾರೆ. ಕೆಲವು ಗಂಟೆ ಬಿಟ್ಟು ಅರೆದು, ಪ್ರೋಟೀನ್ ತೆಗೆದು, ಜೆಲ್ ಮೇಲೆ ಕರೆಂಟ್ ಹರಿಸುತ್ತಾರೆ. ಪ್ರೋಟೀನುಗಳು ಮೊದಲು ವಿದ್ಯುದಾವೇಶದ ಪ್ರಕಾರ ಅಡ್ಡಕ್ಕೆ, ಆಮೇಲೆ ಗಾತ್ರದ ಪ್ರಕಾರ ಉದ್ದಕ್ಕೆ ಬೇರಾಗುತ್ತವೆ. 1975ರಲ್ಲಿ ಪ್ಯಾಟ್ರಿಕ್ ಓಫ್ಯಾರೆಲ್ ವಿವರಿಸಿದ ವಿಧಾನ ಇದು. ಜೆಲ್ ಮೇಲೆ ಎಕ್ಸ್‌ರೇ ಫಿಲ್ಮ್ ಒತ್ತಿಟ್ಟರೆ ವಿಕಿರಣ ಇರುವ ಪ್ರೋಟೀನುಗಳು ನೂರಾರು ಕಪ್ಪು ಚುಕ್ಕಿಗಳಾಗಿ ಕಾಣುತ್ತವೆ. ಹಳೇ ದಾಸ್ತಾನು ಕಾಣುವುದಿಲ್ಲ, ಆ ಗಂಟೆಗಳಲ್ಲಿ ಹೊಸದಾಗಿ ತಯಾರಾದದ್ದು ಮಾತ್ರ ಮೂಡುತ್ತದೆ.

ಎರಡು ಬಾಟಲಿಯ ಫಿಲ್ಮುಗಳನ್ನು ಪಕ್ಕಪಕ್ಕ ಇಟ್ಟು, ಸಮಾನ ಚುಕ್ಕಿಗಳನ್ನು ಬಿಟ್ಟು, ಚಿಗುರಿನ ಕಡೆ ಮಾತ್ರ ಇರುವುದನ್ನು ಹುಡುಕಬೇಕು. ಅದೂ ಬೇಗ ಹುಡುಕಬೇಕು. ಮೊದಲ 3 ದಿನದ ಹಾರ್ಮೋನೇ ಇಲ್ಲಿ ನಿರ್ಣಾಯಕ, ಕಣ್ಣಿಗೆ ಚಿಗುರು ಕಾಣುವಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ.

ಇಷ್ಟಾದರೂ ಒಂದು ಅನುಮಾನ ಉಳಿಯುತ್ತದೆ. ಆ ಚುಕ್ಕಿ ಚಿಗುರಿನದೋ, ಬರೀ ಹಾರ್ಮೋನ್ ತಗುಲಿದ್ದಕ್ಕೆ ಬಂದದ್ದೋ? ಬಲಿತ ಬೀಜದೆಲೆಗೆ ಎಷ್ಟು ಹಾರ್ಮೋನ್ ಕೊಟ್ಟರೂ ಸರಿಯಾಗಿ ಚಿಗುರು ಬರುವುದಿಲ್ಲ, ಅಲ್ವಾ? ಹಾಗಾದರೆ ಅದಕ್ಕೂ ಸೈಟೊಕೈನಿನ್ ಕೊಟ್ಟು ಮೂರನೇ ಬಾಟಲಿ ಇಡಬೇಕು. ಅಲ್ಲೂ ಅದೇ ಚುಕ್ಕಿ ಬಂದರೆ ಪಟ್ಟಿಯಿಂದ ಹೊಡೆದುಹಾಕಬಹುದು.