ಒಬ್ಬರಿಗೆ ಒಂದೇ ಓಟು: ಸಹಕಾರ ತತ್ವಗಳು ನಡೆದು ಬಂದ ದಾರಿ

ಊರಿನ ಸೊಸೈಟಿಯಲ್ಲಿ ಹತ್ತು ಷೇರು ಇದ್ದವರಿಗೂ ಒಂದೇ ಓಟು, ನೂರು ಷೇರು ಇದ್ದವರಿಗೂ ಒಂದೇ ಓಟು. ಈ ನಿಯಮವನ್ನು ಗಟ್ಟಿಯಾಗಿ ನೆಲೆ ನಿಲ್ಲಿಸಿದ್ದು ಇಂಗ್ಲೆಂಡಿನ ಗಿರಣಿ ಊರು ರಾಚ್‌ಡೇಲ್. 1844ರ ಡಿಸೆಂಬರ್ 21ರಂದು ಅಲ್ಲಿನ ನೇಕಾರರು, ಇತರ ದುಡಿಮೆಗಾರರು ಸೇರಿ ಒಂದು ಅಂಗಡಿ ತೆರೆದರು. ಬಂಡವಾಳ ಬರೀ 28 ಪೌಂಡ್. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ ಇಂಥ ನಾಲ್ಕಾರು ಸರಕು.

ಆಗಿನ ಅಂಗಡಿಗಳಲ್ಲಿ ಕಲಬೆರಕೆ, ತೂಕದ ಮೋಸ ಜಾಸ್ತಿ. ಉದ್ರಿ ತಂದವರು ಸಾಲ ತೀರದೆ ಬೇರೆ ಅಂಗಡಿಗೆ ಹೋಗುವಂತಿರಲಿಲ್ಲ. ಅದಕ್ಕೇ ಇವರು ಶುದ್ಧ ಸರಕು, ಸರಿಯಾದ ತೂಕ, ನಗದು ವ್ಯಾಪಾರ ಎಂದು ನಿಯಮ ಮಾಡಿಕೊಂಡರು. ಲಾಭ ಹಂಚುವುದು ಷೇರಿನ ಮೇಲಲ್ಲ, ಯಾರು ಎಷ್ಟು ಕೊಂಡರು ಎಂಬುದರ ಮೇಲೆ. ಹಣ ಹಾಕಿದವರಿಗೆ ಬಡ್ಡಿ ಉಂಟು, ಹೆಚ್ಚಿನ ಅಧಿಕಾರ ಇಲ್ಲ. ಸಹಕಾರದ ಜೀವ ಇರುವುದು ಇಲ್ಲೇ ಎಂದು ನನ್ನ ನಂಬಿಕೆ.

1895ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ 1937ರಲ್ಲಿ ಈ ನಿಯಮಗಳನ್ನು ತತ್ವಗಳಾಗಿ ಬರೆದಿಟ್ಟಿತು. 1966ರಲ್ಲಿ ಅವುಗಳನ್ನು ತಿದ್ದಿದ ಆಯೋಗಕ್ಕೆ ನಮ್ಮ ದೇಶದ ಡಿ.ಜಿ. ಕರ್ವೆ ಅಧ್ಯಕ್ಷರಾಗಿದ್ದರು. ನಗದು ವ್ಯಾಪಾರ ಪಟ್ಟಿಯಿಂದ ಹೋಯಿತು, ಸಂಘಗಳು ಒಂದಕ್ಕೊಂದು ನೆರವಾಗಬೇಕು ಎಂಬುದು ಸೇರಿತು. ಸಂಘ ಯಾರ ಹಿಡಿತದಲ್ಲೂ ಇರಬಾರದು ಎಂಬ ಸ್ವಾಯತ್ತತೆಯ ತತ್ವ ಬಂದದ್ದು ಮಾತ್ರ 1995ರಲ್ಲಿ, ಮ್ಯಾಂಚೆಸ್ಟರ್‌ನಲ್ಲಿ. ಇಷ್ಟು ತಡವಾಗಿ!

ನಮಗೆ ಬೇಕಾಗಿದ್ದೇ ಅದು, ಅಲ್ವಾ? 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಶಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ, ಅಂದರೆ ಸದಸ್ಯರಿಗೆ ಸಾಲ ಕೊಡುವ ಸಹಕಾರ ಸಂಘ, ಕಟ್ಟಿದರು. ಊರವರ ಉತ್ಸಾಹ ನಿಜ. ಆದರೆ ಅದಕ್ಕೆ ದಾರಿ ಮಾಡಿದ 1904ರ ಕಾನೂನು ಬ್ರಿಟಿಷ್ ಸರ್ಕಾರದ್ದು, ಅದರ ಜೊತೆಗೇ ಸಂಘಗಳ ಮೇಲೆ ನಿಗಾ ಇಡುವ ಸರ್ಕಾರಿ ಅಧಿಕಾರಿ, ರಿಜಿಸ್ಟ್ರಾರ್ ಹುದ್ದೆಯೂ ಬಂತು. ರಾಜ್ಯದ 1959ರ ಕಾನೂನಿನಲ್ಲೂ ಆಡಳಿತ ಮಂಡಳಿಯನ್ನು ತೆಗೆದು ಆಡಳಿತಾಧಿಕಾರಿಯನ್ನು ಕೂರಿಸುವ ಅವಕಾಶ ಉಳಿಯಿತು. ಸದಸ್ಯರು ಆರಿಸಿದವರು ಹೊರಗೆ, ಅಧಿಕಾರಿ ಒಳಗೆ. ಆಗ ಆ ಒಂದು ಓಟಿಗೆ ಏನು ಬೆಲೆ?

ಈ ಬೇಸರದಿಂದಲೇ ಸಂಘಗಳ ಮೇಲೆ ಸರ್ಕಾರದ ಹಿಡಿತ ಕಡಿಮೆ ಮಾಡುವ 1997ರ ಸೌಹಾರ್ದ ಸಹಕಾರಿ ಕಾನೂನು ಬಂತು, 2001ರಿಂದ ಜಾರಿಯಾಯಿತು. 2011ರಲ್ಲಿ ಸಂವಿಧಾನದ 97ನೇ ತಿದ್ದುಪಡಿ ಸಹಕಾರ ಸಂಘ ಕಟ್ಟುವುದನ್ನು ಮೂಲಭೂತ ಹಕ್ಕಾಗಿಸಿತು. ಮಂಡಳಿ, ಚುನಾವಣೆಗಳಿಗೆ ಹಾಕಿದ್ದ ನಿಯಮಗಳನ್ನು ಮಾತ್ರ, ರಾಜ್ಯಗಳ ಒಪ್ಪಿಗೆ ಪಡೆದಿಲ್ಲ ಎಂದು, 2021ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ರದ್ದು ಮಾಡಿತು. ಹೀಗಾಗಿ ಮಂಡಳಿಯನ್ನು ಯಾವಾಗ ತೆಗೆಯಬಹುದು, ಎಷ್ಟು ಕಾಲ ಎಂಬುದು ಮತ್ತೆ ರಾಜ್ಯದ ಕಾನೂನಿನ ಕೈಗೇ ಬಂದಿದೆ.