ಪದ ಪರಿಚಯ: ಎರಡು ಆಯಾಮದ ವಸ್ತು

ಹೆಸರು ಕೇಳಿದರೆ ದಪ್ಪವೇ ಇಲ್ಲದ ವಸ್ತು ಅನ್ನಿಸುತ್ತದೆ. ಹಾಗಲ್ಲ. ಗ್ರಾಫೀನ್ ಹಾಳೆಗೂ ದಪ್ಪವಿದೆ: ಒಂದೇ ಪದರ ಇಂಗಾಲದ ಪರಮಾಣುಗಳಷ್ಟು, ಸುಮಾರು 0.34 ನ್ಯಾನೊಮೀಟರ್. ಅದರೊಳಗಿನ ಎಲೆಕ್ಟ್ರಾನ್‌ಗಳು ಉದ್ದಗಲಕ್ಕೆ ಓಡಾಡಬಲ್ಲವು, ಮೇಲೆ ಕೆಳಗೆ ಹೋಗಲು ಜಾಗವಿಲ್ಲ. ‘ಎರಡು ಆಯಾಮ’ ಎಂದಿರುವುದು ಅದಕ್ಕೆ.

ಈ ವಸ್ತುಗಳ ಇನ್ನೊಂದು ಗುಣ, ಹಾಳೆಯೊಳಗೆ ಬಿಗಿಯಾದ ಬಂಧ, ಹಾಳೆ ಹಾಳೆಗಳ ನಡುವೆ ಸಡಿಲ ನಂಟು. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅಂಟುಟೇಪಿನಿಂದ ಗ್ರಾಫೈಟಿನ (ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲ) ಪದರಗಳನ್ನು ಬಿಡಿಸಲು ಸಾಧ್ಯವಾದದ್ದು ಇದರಿಂದಲೇ. ಕ್ಯಾಮೆರಾ ಮಾಡುವವರಿಗೂ ಬೇಕಾದದ್ದು ಈ ಸಡಿಲತನ.

ಯಾಕೆಂದರೆ, ಸಾಮಾನ್ಯ ಕ್ಯಾಮೆರಾದ ಸಿಲಿಕಾನ್ ಸಂವೇದಕಕ್ಕೆ ಸುಮಾರು 1100 ನ್ಯಾನೊಮೀಟರ್ ಆಚೆಯ ಬೆಳಕು ಕಾಣದು. ಆಚೆಗಿನ ಅವಕೆಂಪು, ಅಂದರೆ ಇನ್‌ಫ್ರಾರೆಡ್, ಬೆಳಕಿಗೆ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್‌ನಂಥ ಹರಳುಗಳು ಬೇಕು. ಅವುಗಳ ಪರಮಾಣು ಅಂತರ ಸಿಲಿಕಾನಿನದಕ್ಕೆ ಹೊಂದುವುದಿಲ್ಲ. ಹಾಗಾಗಿ ಬೇರೆಡೆ ಬೆಳೆಸಿ, ಒಂದೊಂದು ಪಿಕ್ಸೆಲ್ಲಿಗೂ ಇಂಡಿಯಂ ಲೋಹದ ಪುಟ್ಟ ಗುಬುಟು ಇಟ್ಟು ಸಿಲಿಕಾನ್ ಚಿಪ್ಪಿಗೆ ಬೆಸೆಯಬೇಕು. ಇದು ದುಬಾರಿ ಕೆಲಸ. ಎರಡು ಆಯಾಮದ ಹಾಳೆಗೆ ಕೆಳಗಿನ ಹರಳಿನ ಹಂಗಿಲ್ಲ. ಸಿದ್ಧವಾದ ಚಿಪ್ಪಿನ ಮೇಲೆ ಹಾಸಿದರಾಯಿತು. ನನಗೆ ಇದರ ನಿಜವಾದ ಬೆಲೆ ತೆಳುತನಕ್ಕಿಂತ ಇಲ್ಲಿದೆ ಅನ್ನಿಸುತ್ತದೆ.

ಪದರಗಳ ಎಣಿಕೆ ಬದಲಾದರೆ ಕಾಣುವ ಬೆಳಕೂ ಬದಲಾಗುತ್ತದೆ. ವಸ್ತುವಿನೊಳಗಿನ ಎಲೆಕ್ಟ್ರಾನನ್ನು ಬಿಡಿಸಿ ಓಡಾಡಿಸಲು ಬೇಕಾದ ಕನಿಷ್ಠ ಶಕ್ತಿಗೆ ಬ್ಯಾಂಡ್ ಗ್ಯಾಪ್ ಎಂದು ಹೆಸರು. ಹಲವು ಪದರಗಳ ದಪ್ಪ ಕಪ್ಪು ರಂಜಕದಲ್ಲಿ (ಫಾಸ್ಫರಸ್‌ನ ಒಂದು ರೂಪ) ಅದು ಸುಮಾರು 0.3 ಎಲೆಕ್ಟ್ರಾನ್ ವೋಲ್ಟ್, ಹಾಗಾಗಿ ಅದು ಸುಮಾರು 4 ಮೈಕ್ರೊಮೀಟರ್‌ವರೆಗಿನ ಅವಕೆಂಪನ್ನು ಹೀರಬಲ್ಲದು. ಪದರ ಕಡಿಮೆಯಾದಂತೆ ಗ್ಯಾಪ್ ಹಿಗ್ಗುತ್ತದೆ. ಇಂಥದ್ದೇ ಇನ್ನೊಂದು ವಸ್ತುವಾದ ಮಾಲಿಬ್ಡಿನಂ ಡೈಸಲ್ಫೈಡ್‌ನ ಒಂಟಿ ಪದರದಲ್ಲಿ ಅದು ಸುಮಾರು 1.8, ಕಣ್ಣಿಗೆ ಕಾಣುವ ಬೆಳಕಿಗೆ ಒಪ್ಪುವಂಥದ್ದು.

ಆದರೆ ಇಷ್ಟು ತೆಳ್ಳಗಿನ ಹಾಳೆ ಬೆಳಕನ್ನು ಹಿಡಿಯುವುದೇ ಕಡಿಮೆ. ಗ್ರಾಫೀನಿನ ಒಂದು ಪದರ ಹೀರುವುದು ಬರೀ 2.3 ಶೇಕಡಾ. ಅದಕ್ಕಾಗಿ ಮೇಲೆ ಲೆಡ್ ಸಲ್ಫೈಡ್‌ನ ಕ್ವಾಂಟಮ್ ಚುಕ್ಕಿಗಳನ್ನು, ಅಂದರೆ ಕೆಲವೇ ನ್ಯಾನೊಮೀಟರ್ ಗಾತ್ರದ ಹರಳುಗಳನ್ನು, ಲೇಪಿಸುತ್ತಾರೆ. ಚುಕ್ಕಿ ಬೆಳಕನ್ನು ಹೀರಿದಾಗ ಒಂದು ವಿದ್ಯುದಂಶ (ಚಾರ್ಜ್) ಗ್ರಾಫೀನಿಗೆ ಇಳಿಯುತ್ತದೆ, ಅದರ ಜೋಡಿ ಚುಕ್ಕಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದು ಬಿಡುಗಡೆಯಾಗುವವರೆಗೂ ಗ್ರಾಫೀನಿನ ವಿದ್ಯುತ್ ಪ್ರವಾಹ ಬದಲಾಗಿಯೇ ಇರುತ್ತದೆ. ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಸಾವಿರಾರು ವಿದ್ಯುದಂಶಗಳ ಸದ್ದು ಮಾಡುತ್ತದೆ. ಇದಕ್ಕೆ ಫೋಟೋಗೇಟಿಂಗ್ ಎಂದು ಹೆಸರು. ಬಾರ್ಸೆಲೋನಾ ಬಳಿಯ ಐಸಿಎಫ್‌ಒ ಸಂಸ್ಥೆಯ ತಂಡ 2017ರಲ್ಲಿ ಪ್ರಕಟಿಸಿದ 388 × 288 ಪಿಕ್ಸೆಲ್‌ನ ಸಂವೇದಕ ಹೀಗೆಯೇ 300ರಿಂದ 2000 ನ್ಯಾನೊಮೀಟರ್‌ವರೆಗೆ ಕಂಡಿತು. ಅದನ್ನು ಗ್ರಾಫೀನ್ ಕ್ಯಾಮೆರಾ ಎಂದು ಕರೆಯುವುದುಂಟು. ನೋಡುವ ಕೆಲಸ ಚುಕ್ಕಿಗಳದ್ದು, ಸಂಕೇತವನ್ನು ಹಿಗ್ಗಿಸುವುದು ಗ್ರಾಫೀನ್ ಎಂಬುದು ನೆನಪಿರಲಿ.

ತೊಡಕುಗಳೂ ಇವೆ. ಸಿಕ್ಕಿಕೊಂಡ ವಿದ್ಯುದಂಶ ಹೆಚ್ಚು ಹೊತ್ತು ನಿಂತಷ್ಟೂ ಸಂಕೇತ ದೊಡ್ಡದು, ಸಂವೇದಕ ನಿಧಾನ. ಕಪ್ಪು ರಂಜಕ ಗಾಳಿ, ತೇವಕ್ಕೆ ಕೆಡುವುದರಿಂದ ಬೋರಾನ್ ನೈಟ್ರೈಡ್‌ನಂಥ ಹೊದಿಕೆ ಬೇಕು. ಎಲ್ಲಕ್ಕಿಂತ ಕಷ್ಟ, ಅಂಗೈಯಗಲದ ಹಾಳೆಯನ್ನು ಸುಕ್ಕಿಲ್ಲದೆ, ಹರಿಯದೆ ಚಿಪ್ಪಿನ ಮೇಲೆ ಹಾಸುವುದು. ಒಂದು ಸುಕ್ಕು ಬಿದ್ದರೆ ಅದರಡಿಯ ಪಿಕ್ಸೆಲ್‌ಗಳು ಚಿತ್ರದಲ್ಲಿ ಕಲೆಯಾಗಿ ಕಾಣುತ್ತವೆ.